ಕಪ್ಪುಮೂತಿಗಳ ಚೇಳಕ್ಕ

ದಾಖಲೆಗಾರ ಚೇಳಕ್ಕನನ್ನು ಮೊದಲು ಕಂಡದ್ದು ಒಂದು ಸೋಮವಾರ ಬೆಳಿಗ್ಗೆ ಏಳೂಕಾಲಿಗೆ, ಮೊಲ ಸಾಕಣೆ ಕೇಂದ್ರದ ಹಿಂಭಾಗದ ಕಲ್ಲಿನ ಉಗ್ರಾಣದಲ್ಲಿ. ಅವಳು ಬೋರಲು ಹಾಕಿದ ತಗಡಿನ ಬಕೆಟ್ಟಿನ ಮೇಲೆ ಕೂತಿದ್ದಳು. ಮೊಣಕಾಲುಗಳ ನಡುವೆ ಗೋಣಿತಾಟಿನಲ್ಲಿ ಸುತ್ತಿದ ಒಂದು ಮೊಲ. ಹೊರಗೆ ಕಾಣುತ್ತಿದ್ದದ್ದು ಅದರ ತಲೆ ಮತ್ತು ಒಂದು ಮುಂಗಾಲು ಮಾತ್ರ. ಕಾಲು ಮಸಿಯಲ್ಲಿ ಅದ್ದಿ ತೆಗೆದ ಹಾಗೆ ಕಪ್ಪು, ಮೂತಿ ಕಪ್ಪು, ಕಿವಿ ಕಪ್ಪು, ಉಳಿದ ಮುಖವೆಲ್ಲ ಹತ್ತಿಯಂಥ ಬಿಳಿ, ಕಣ್ಣು ಕೆಂಪು. ಅವಳ ಎಡಗೈ ಹೆಬ್ಬೆರಳು ಮೊಲದ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿತ್ತು. ಬಲಗೈಯ ಪುಟ್ಟ ಕತ್ತರಿ ಉಗುರಿನ ತುದಿಯನ್ನಷ್ಟೇ ಕತ್ತರಿಸುತ್ತಿತ್ತು. ಕತ್ತರಿಸಿದ ಚೂರು ಸಿಡಿದು ಅವನ ಹೊಸ ಬೂಟಿನ ಮೇಲೆ ಬಿತ್ತು.

ಅವನು ನಮಸ್ಕಾರ ಎಂದ. ಅವಳು ತಲೆ ಎತ್ತಲಿಲ್ಲ.

"ಬಾಗಿಲು ಹಾಕಿ. ಒಳಗೆ ಬರೋದಾದ್ರೆ ಬನ್ನಿ, ಹೊರಗಿರೋದಾದ್ರೆ ಇರಿ. ಹೊಸ್ತಿಲ ಮೇಲೆ ನಿಂತು ಎರಡೂ ಮಾಡ್ಬೇಡಿ."

ಅವನು ಒಳಗೆ ಬಂದು ಬಾಗಿಲು ಹಾಕಿದ. ದಪ್ಪ ಗೋಡೆ, ಎತ್ತರದಲ್ಲಿ ಕೈಯಗಲದ ಎರಡು ಕಿಂಡಿ, ಒದ್ದೆ ಹುಲ್ಲಿನ ವಾಸನೆ. ಕಣ್ಣು ಕತ್ತಲೆಗೆ ಹೊಂದಿಕೊಂಡಾಗ ಸಾಲಾಗಿ ಎಂಟು ಗೂಡುಗಳು ಕಂಡವು. ಅವನು ಚೀಲದಿಂದ ವಹಿ ತೆಗೆದು, ತಾನು ತಳಿ ದಾಖಲೆ ನೋಡಿಕೊಳ್ಳಲು ಬಂದವನು ಎಂದು ಪರಿಚಯ ಹೇಳಿಕೊಂಡ.

"ಹೌದಾ?" ಅವಳು ಮೊಲವನ್ನು ಗೋಣಿತಾಟಿನಿಂದ ಬಿಡಿಸಿ, ಹಿಂಗಾಲಿಗೆ ಅಂಗೈ ಆಸರೆ ಕೊಟ್ಟು ಎತ್ತಿಕೊಂಡಳು. "ನಿಮಗಿಂತ ಮುಂಚೆ ಮೂರು ಜನ ಬಂದಿದ್ರು ಇದೇ ಥರ ಪಟ್ಟಿ ಹಿಡ್ಕೊಂಡು. ಪಟ್ಟಿ ಇನ್ನೂ ಇದೆ. ಅವ್ರು ಎಲ್ಲಿದ್ದಾರೋ ಯಾರಿಗ್ಗೊತ್ತು."

ಅಂದಿನಿಂದ ಅವನ ಹೆಸರು ಪಟ್ಟಿ ಸಾಹೇಬ ಎಂದಾಯಿತು. ಮಧ್ಯಾಹ್ನದ ಹೊತ್ತಿಗೆ ಮೇವು ಕತ್ತರಿಸುವವರ ಬಾಯಲ್ಲೂ ಅದೇ ಇತ್ತು. ಅವಳ ಅಡ್ಡಹೆಸರು ಅವನಿಗೆ ತಿಳಿದದ್ದೂ ಅವರಿಂದಲೇ. "ಚೇಳಕ್ಕನ ಹತ್ರ ಹೋಗಿದ್ರಾ? ಎಲ್ಲಿ ಕುಟುಕಿದ್ಲು, ತೋರ್ಸಿ" ಎಂದು ಅವರು ನಕ್ಕರು.

ಅವಳಿಗಾಗ ಐವತ್ತನಾಲ್ಕು. ಹತ್ತೊಂಬತ್ತನೆಯ ವಯಸ್ಸಿಗೆ ಕಸ ಗುಡಿಸಲು ಬಂದವಳು. ಮದುವೆಯಾಗಿತ್ತು, ಎರಡು ವರ್ಷಕ್ಕೆ ಗಂಡ ಬಿಟ್ಟುಹೋದ. ಆ ಮಾತು ಎತ್ತಿದವರಿಗೆ "ಅವನಿಗಿಂತ ಗಂಡು ಮೊಲ ವಾಸಿ, ಕಾಲು ಕುಟ್ಟಿ ಹೇಳಿ ಹೋಗುತ್ತೆ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಕ್ಷೌರಿಕನಾದ ತಮ್ಮನ ಅಂಗಡಿಯ ಹಿಂದಿನ ಕೋಣೆಯಲ್ಲಿ ವಾಸ. ಕೇಂದ್ರದಲ್ಲಿ ಅಂಗೋರಾ ಮೊಲಗಳಿದ್ದ ಕಾಲದಲ್ಲಿ ಹದಿನೇಳು ವರ್ಷ ಅವುಗಳ ಉಣ್ಣೆ ಬಾಚಿದಳು. ದಿನಕ್ಕೆ ಹನ್ನೆರಡು ಮೊಲ, ಗಂಟು ಬೀಳದ ಹಾಗೆ, ಚರ್ಮ ಎಳೆಯದ ಹಾಗೆ. ಅವಳ ಬೆರಳುಗಳ ತುದಿ ಆಗಲೇ ಸವೆದು ನುಣ್ಣಗಾಗಿತ್ತು. ಆಮೇಲೆ ಉಣ್ಣೆ ಕೇಳುವವರಿಲ್ಲ ಎಂದು ಒಬ್ಬ ಅಧಿಕಾರಿ ಒಂದೇ ದಿನದಲ್ಲಿ ಅಷ್ಟನ್ನೂ ಸಾಗಿಸಿಬಿಟ್ಟ. ಬೆಳಿಗ್ಗೆ ಬಾಚಣಿಗೆ ಹಿಡಿದು ಬಂದವಳಿಗೆ ಖಾಲಿ ಗೂಡುಗಳ ಸಾಲು ಕಂಡಿತು. ಯಾರೂ ಮುಂಚೆ ಒಂದು ಮಾತು ಹೇಳಿರಲಿಲ್ಲ. ಕೈಯಲ್ಲಿ ಕಾಗದ ಹಿಡಿದು ಬರುವವರನ್ನು ಕಂಡರೆ ಅವಳಿಗೆ ಎಣ್ಣೆ ಸೀಗೇಕಾಯಿ ಆದದ್ದು ಅಂದಿನಿಂದ.

ದಾಖಲೆಗಾರನೂ ಸುಮ್ಮನೆ ಕಾಗದ ಹಿಡಿದವನಲ್ಲ. ಹಳ್ಳಿಯವನು, ಮನೆಯಲ್ಲಿ ಪದವಿಯ ಮುಖ ಕಂಡ ಮೊದಲಿಗ, ಅದೂ ಸಂಖ್ಯಾಶಾಸ್ತ್ರದಲ್ಲಿ. ಅವನ ಅಪ್ಪ ದಾಯಾದಿಗಳ ಬಾಯಿಮಾತು ನಂಬಿ ಬಾವಿಯ ಪಾಲು ಕಳೆದುಕೊಂಡಿದ್ದ. "ಬರೆದಿಟ್ಟಿದ್ದು ಉಳಿಯುತ್ತೆ, ಆಡಿದ್ದು ಗಾಳಿಗೆ ಹೋಗುತ್ತೆ" ಎಂಬುದು ಆ ಮನೆಯಲ್ಲಿ ಅನ್ನದ ಜೊತೆ ಬಡಿಸಿದ ಮಾತು. ಆದ್ದರಿಂದ ಅವನು ಎಲ್ಲವನ್ನೂ ಬರೆಯುತ್ತಿದ್ದ. ಯಾವ ಗೂಡು, ಯಾವ ಹಚ್ಚೆಯ ಸಂಖ್ಯೆ, ಎಷ್ಟು ಮರಿ, ಎಷ್ಟು ತೂಕ. ಪ್ರತಿ ಮೊಲದ ಎಡಗಿವಿಯ ಒಳಗೆ ಹಸಿರು ಶಾಯಿಯಲ್ಲಿ ಹಚ್ಚೆ ಹಾಕಿರುತ್ತಿತ್ತು. ಟಾರ್ಚು ಹಿಡಿದು ಅದನ್ನು ಓದುವುದು ಅವನ ಮೊದಲ ತಿಂಗಳ ಕೆಲಸವಾಯಿತು.

ಆ ತಿಂಗಳು ಚೇಳಕ್ಕ ಅವನಿಗೆ ಮೊಲಗಳನ್ನು ತೋರಿಸಿದಳು. ತೋರಿಸಿದಳು ಎನ್ನುವುದಕ್ಕಿಂತ ಹಂಗಿಸಿದಳು ಎನ್ನಬೇಕು.

ಮುಂದಿನ ದೊಡ್ಡ ಶೆಡ್ಡಿನಲ್ಲಿ ನಿಂತು ಕೇಳಿದಳು: "ಇದ್ಯಾವುದು?"

"ನ್ಯೂಜಿಲೆಂಡ್ ವೈಟ್."

"ಎಲ್ಲೀದು?"

"ನ್ಯೂಜಿಲೆಂಡಿ..." ಎಂದು ಬಾಯಿ ತೆರೆದವನು ತರಬೇತಿಯ ಪುಸ್ತಕ ನೆನಪಾಗಿ ನಿಲ್ಲಿಸಿದ.

"ನುಂಗಿ, ನುಂಗಿ. ನ್ಯೂಜಿಲೆಂಡಿಗೂ ಇದಕ್ಕೂ ಭಾವಮೈದುನನ ಸಂಬಂಧಾನೂ ಇಲ್ಲ. ಅಮೆರಿಕದಲ್ಲಿ ಮಾಡಿದ್ದು. ಕುಲುಮೆಗೆ ಹಾಕಿದ ಹಾಗೆ ತಿನ್ನುತ್ತೆ, ಬೆಳೆಯುತ್ತೆ, ಮರಿ ಹಾಕುತ್ತೆ. ಬುದ್ಧಿ ಕೇಳ್ಬೇಡಿ." ಪಕ್ಕದ ಗೂಡಿನಲ್ಲಿ ಬೂದುಬಣ್ಣದ ಮೊಲದ ಬೆನ್ನಿಗೆ ಬಾಯಿಟ್ಟು ಉಫ್ ಎಂದು ಊದಿದಳು. ತುಪ್ಪಳ ಹೂವಿನಂತೆ ಬಿಚ್ಚಿಕೊಂಡು ಒಳಗೆ ನೀಲಿ, ಬಿಳಿ, ಕಪ್ಪಿನ ಉಂಗುರಗಳು ಕಂಡವು. "ಚಿಂಚಿಲ್ಲಾ. ಊದದೆ ಇದನ್ನ ಕೊಂಡ್ಕೊಂಡೋನು ಮೂರ್ಖ. ಬೆನ್ನು ತುಂಬ ಉಂಗುರ ಬರ್ಬೇಕು, ಇಲ್ಲದಿದ್ರೆ ಬರೀ ಬೂದಿ."

ಫ್ಲೆಮಿಷ್ ಜೈಂಟಿನ ಗೂಡಿನ ಮುಂದೆ ಅವಳ ದನಿ ಸ್ವಲ್ಪ ಇಳಿಯಿತು. ಬೆಲ್ಜಿಯಂ ಕಡೆಯ ಹಳೆಯ ತಳಿ, ತೋಳಿನಷ್ಟು ಉದ್ದ, ಕೂಸಿನಷ್ಟು ತೂಕ. "ನಮ್ಮ ಮಾವ ಇದ್ದ ಹಾಗೆ. ಮೈ ನೋಡಿದ್ರೆ ಭಯ, ಮೈಮೇಲೆ ಮಕ್ಕಳು ಹತ್ತಿದ್ರೂ ಸುಮ್ನೆ ಇರ್ತಾರೆ. ತಂತಿ ನೆಲದ ಮೇಲೆ ಬಿಟ್ರೆ ಪಾದ ಹುಣ್ಣಾಗುತ್ತೆ, ಹಲಗೆ ಹಾಕ್ಬೇಕು." ರೆಕ್ಸ್ ಮೊಲದ ಮೀಸೆ ಬೆಂಕಿಗೆ ಹಿಡಿದಂತೆ ಸುರುಟಿತ್ತು. ಫ್ರಾನ್ಸಿನ ಒಬ್ಬ ರೈತನ ಮನೆಯ ಮರಿಗಳಲ್ಲಿ ತಾನಾಗಿ ಕಾಣಿಸಿಕೊಂಡ ಗುಣವಂತೆ ಅದು, ಮೈಯೆಲ್ಲ ಮಖಮಲ್ಲು. "ಮುಟ್ಟಿ ನೋಡಿ. ಕೈ ತೊಳ್ದಿದ್ದೀರಾ?" ಎಂದಳು. ಅವನು ತೊಳೆದಿರಲಿಲ್ಲ. ಮುಟ್ಟಲು ಬಿಡಲಿಲ್ಲ.

ಕೊನೆಗೆ ಕಲ್ಲಿನ ಉಗ್ರಾಣ. ಒಂದು ಗಂಡು, ಏಳು ಹೆಣ್ಣು. ವಹಿಯಲ್ಲಿ ಹಿಮಾಲಯನ್ ಎಂದಿತ್ತು, ಅವಳ ಬಾಯಲ್ಲಿ ಕಪ್ಪುಮೂತಿಗಳು.

"ಇವು ಹಿಮಾಲಯದಿಂದ ಬಂದಿದ್ದಾ?" ಎಂದು ಅವನು ಕೇಳಿದ.

"ಹಿಮಾಲಯ ಅಂತಾರೆ, ರಷ್ಯಾ ಅಂತಾರೆ, ಚೀನಾ ಅಂತಾರೆ. ಹುಟ್ಟೂರು ಯಾವುದಂತ ಸರಿಯಾಗಿ ಹೇಳಿದೋರು ಇಲ್ಲ. ಆದ್ರೆ ಇವುಗಳ ಅಜ್ಜಿಯ ಅಜ್ಜಿಯ ಹೆಸರು ಹೇಳ್ಲಾ? ಇಪ್ಪತ್ತೆರಡು ವರ್ಷದಿಂದ ನನ್ನ ಕೈಯಲ್ಲೇ ಹುಟ್ಟಿದ್ದು." ಅವಳು ಗಂಡನ್ನು ಎತ್ತಿ ತೋರಿಸಿದಳು. ಸಣ್ಣ ಮೈ, ಉದ್ದನೆಯ ಬೆನ್ನು, ಎತ್ತಿದರೂ ಒದೆಯದ ಸ್ವಭಾವ. "ಮರಿ ಹುಟ್ಟಿದಾಗ ಪೂರಾ ಬೆಳ್ಳಗಿರುತ್ತೆ. ಆಮೇಲೆ ಬರುತ್ತೆ ಕಪ್ಪು. ನಿಮ್ಮ ಪುಸ್ತಕದಲ್ಲಿದೆಯಾ ಇದು?"

ಇರಲಿಲ್ಲ. ಅವನ ಬಳಿ ಇದ್ದದ್ದು ತಳಿಯ ಗುಣಮಟ್ಟದ ಕೈಪಿಡಿ. ಅದರಲ್ಲಿ ಹೀಗಿತ್ತು: ಮೂತಿ, ಕಿವಿ, ಕಾಲು, ಬಾಲ ಕಡುಕಪ್ಪಿರಬೇಕು; ಬಣ್ಣ ತಿಳಿಯಾಗಿದ್ದರೆ ಬೆರಕೆಯ ಶಂಕೆ; ಮೈಮೇಲೆ ಮಚ್ಚೆಯಿದ್ದರೆ ಅನರ್ಹ. ಬೇರೊಂದು ಪುಟದಲ್ಲಿ ಇನ್ನೊಂದು ಸಾಲು: ಸಾಕಣೆಯ ಜಾಗ ಬೆಳಕಾಗಿದ್ದು ಗಾಳಿಯಾಡುವಂತಿರಬೇಕು.

ಆ ಸಾಲೇ ಜಗಳದ ಬೀಜ. ಬೇಸಿಗೆಯ ಆರಂಭದಲ್ಲಿ ಅವನು ವ್ಯವಸ್ಥಾಪಕರಿಗೆ ಟಿಪ್ಪಣಿ ಬರೆದ: ಉಗ್ರಾಣ ಕತ್ತಲೆ, ತೇವ, ಹಿಮಾಲಯನ್ ಮೊಲಗಳನ್ನು ಹೊಸ ತಗಡಿನ ಶೆಡ್ಡಿಗೆ ಸ್ಥಳಾಂತರಿಸುವುದು ಸೂಕ್ತ. ವ್ಯವಸ್ಥಾಪಕರು ಮಾತಿಗೊಮ್ಮೆ ಬೆರಳಿನ ಗೆಣ್ಣು ಮುರಿಯುವ ಮನುಷ್ಯ. ಅವರಿಗೆ ಉಗ್ರಾಣ ಮೇವು ತುಂಬಲು ಬೇಕಾಗಿತ್ತು, ಕಪ್ಪುಮೂತಿಗಳಂತೂ ಬೇಕಾಗಿರಲಿಲ್ಲ. "ಎರಡು ಕೆಜಿಯೂ ತೂಗಲ್ಲ, ಯಾರಿಗೆ ಬೇಕು?" ಎನ್ನುತ್ತ ಸಹಿ ಹಾಕಿದರು.

ಚೇಳಕ್ಕ ದಾಖಲೆಗಾರನ ಕಚೇರಿಯ ಬಾಗಿಲಿಗೇ ಬಂದಳು. "ಏನಪ್ಪಾ, ತಗಡಿನ ಕೆಳಗೆ ನೀನೊಂದು ದಿನ ಕೂತು ನೋಡಿದ್ದೀಯಾ?"

"ಫ್ಯಾನ್ ಹಾಕಿಸಿದ್ದೀನಿ. ಗಾಳಿ ಚೆನ್ನಾಗಿದೆ."

"ಬಿಸಿಗಾಳೀನ ತಿರುಗಿಸಿ ತಿರುಗಿಸಿ ಹೊಡೆಯುತ್ತೆ ನಿನ್ನ ಫ್ಯಾನು. ಅವು ಬಿಸಿಲು ಕುಡಿದ್ರೆ ಕೆಡ್ತವೆ."

"ಬಿಸಿಲು ಕುಡಿಯೋದು ಅಂದ್ರೆ? ಕಾಯಿಲೆಯಾ? ಏನು ಲಕ್ಷಣ? ಹೇಳಿ, ಬರ್ಕೊಳ್ತೀನಿ."

"ಬರ್ಕೋ. ಚೇಳಕ್ಕನಿಗೆ ಹುಚ್ಚು ಹಿಡಿದಿದೆ ಅಂತ ಬರ್ಕೋ" ಎಂದು ಅವಳು ಹೊರಟುಹೋದಳು. ಅವಳಿಗೆ ಗೊತ್ತಿದ್ದದ್ದು ಬಹಳ, ಆದರೆ ಕೇಳಿದವರಿಗೆ ಸಮಾಧಾನದಿಂದ ಹೇಳುವ ನಾಲಿಗೆ ಇರಲಿಲ್ಲ. ಅವನಿಗೋ ಸಮಾಧಾನವಿತ್ತು, ಆದರೆ ಬರೆಯಲು ಬಾರದ ಮಾತನ್ನು ಕೇಳಿಸಿಕೊಳ್ಳುವ ಕಿವಿ ಇರಲಿಲ್ಲ.

ಎರಡು ತಿಂಗಳು ಕಳೆದವು. ಮೊಲಗಳು ಹಳೆಯ ತುಪ್ಪಳ ಉದುರಿಸಿ ಹೊಸದನ್ನು ಹೊದ್ದವು. ಒಂದು ಬೆಳಿಗ್ಗೆ ದಾಖಲೆಗಾರ ಟಾರ್ಚು ಹಿಡಿದು ನೋಡುತ್ತಾನೆ, ಮೂತಿಗಳು ಕಪ್ಪಾಗಿಲ್ಲ. ಹಾಲು ಹೆಚ್ಚಾದ ಚಹಾದ ಬಣ್ಣ. ಕಿವಿ ಕಂದು, ಕಾಲು ಬೂದಿ. ಮೂರು ಹೆಣ್ಣುಗಳ ಮೂಗಿನ ಮೇಲೆ ಬಣ್ಣವಿದೆಯೆಂದು ಹೇಳಲೂ ಕಷ್ಟ. ಅವನು ಕೈಪಿಡಿ ತೆರೆದ. ಬಣ್ಣ ತಿಳಿಯಾಗಿದ್ದರೆ ಬೆರಕೆಯ ಶಂಕೆ. ಪಕ್ಕದ ಸಾಲಿನಲ್ಲೇ ನ್ಯೂಜಿಲೆಂಡ್ ವೈಟ್ ಗಂಡುಗಳಿದ್ದವು. ಗೂಡು ತೊಳೆಯುವಾಗ ಯಾರೋ ಸೇರಿಸಿಬಿಟ್ಟಿರಬೇಕು.

ಈಗ ಎಲ್ಲರೂ ಕೇಳಬಹುದು: ಇರುವ ಮೊಲದ ಮೂತಿಯ ಬಣ್ಣ ಬೆರಕೆಯಿಂದ ಹೇಗೆ ಬದಲಾಗುತ್ತದೆ? ಬೆರಕೆಯಾದರೆ ಕೆಡುವುದು ಮುಂದಿನ ಮರಿಗಳಲ್ಲವೇ? ದಾಖಲೆಗಾರನೂ ಅದನ್ನು ಕೇಳಿಕೊಂಡ. ಆದರೆ ಬೇರೆ ಉತ್ತರ ಕಂಡುಕೊಂಡ: ಇವು ಆ ಮೊಲಗಳೇ ಅಲ್ಲ, ಸ್ಥಳಾಂತರದ ಗಡಿಬಿಡಿಯಲ್ಲಿ ಬೆರಕೆ ಮೊಲಗಳು ಒಳಗೆ ಸೇರಿ, ಕಿವಿಗೆ ಹೊಸದಾಗಿ ಹಚ್ಚೆ ಬಿದ್ದಿದೆ. ಹಚ್ಚೆಯ ಇಕ್ಕಳ ಇರುವುದು ಚೇಳಕ್ಕನ ಕೈಯಲ್ಲಿ. ಲೆಕ್ಕ ತಾಳೆಯಾಯಿತು. ತಾಳೆಯಾದ ಲೆಕ್ಕವನ್ನು ಅನುಮಾನಿಸುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ಅವನು ವರದಿ ಬರೆದ. "ಪಾಲಕಿಯ ಅಜಾಗರೂಕತೆ ಅಥವಾ ಅದಕ್ಕಿಂತ ಹೆಚ್ಚಿನದು" ಎಂಬ ಮಾತು ಅದರಲ್ಲಿತ್ತು. ಬಣ್ಣ ತೀರಾ ಕೆಟ್ಟ ಮೂರು ಹೆಣ್ಣುಗಳನ್ನು ತಕ್ಷಣ ಮಾಂಸದ ವಿಭಾಗಕ್ಕೆ ಕಳಿಸಬೇಕು, ಉಳಿದ ಐದರ ಬಗ್ಗೆ ಇಲಾಖೆಯ ತಳಿ ಪರೀಕ್ಷಕರು ಬಂದಾಗ ತೀರ್ಮಾನಿಸಬೇಕು ಎಂದು ಸಹಿ ಹಾಕಿದ. ಗಾಡಿ ಅದೇ ವಾರ ಬಂತು.

ಚೇಳಕ್ಕ ಅಂದು ಕೂಗಾಡಲಿಲ್ಲ. ಮೂರು ಗೂಡುಗಳನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಹೊತ್ತು ತಂದು ಅವನ ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟಳು. ವಹಿಗಳು ಅವುಗಳ ಅಡಿ ಹೋದವು.

"ಇದೇನು?"

"ಲೆಕ್ಕಕ್ಕೆ ಬೇಕಾಗುತ್ತಲ್ಲ, ಪಟ್ಟಿ ಸಾಹೇಬ್ರೇ. ಇಟ್ಕೊಳ್ಳಿ."

ಅವನು ಗೂಡುಗಳನ್ನು ಹೊರಗಿಡಿಸಿದ. ಮರುದಿನ ಬೆಳಿಗ್ಗೆ ಅವು ಮತ್ತೆ ಮೇಜಿನ ಮೇಲಿದ್ದವು. ಅದರ ಮರುದಿನವೂ. ನಾಲ್ಕನೆಯ ದಿನ ಅವನ ತಾಳ್ಮೆ ಕೆಟ್ಟಿತು. ತಗಡಿನ ಶೆಡ್ಡಿಗೆ ನುಗ್ಗಿ ಎಲ್ಲರ ಮುಂದೆ ಹೇಳಿದ: "ಮೊಲ ಬದಲಾಯಿಸಿ ಹಚ್ಚೆ ಹಾಕಿದವರು ನೀವು. ನನ್ನ ಮೇಲೆ ಯಾಕೆ ಹಗೆ ಸಾಧಿಸ್ತೀರಿ?"

ಮೇವಿನವರು ಕತ್ತರಿಸುವುದನ್ನು ನಿಲ್ಲಿಸಿದರು. ಚೇಳಕ್ಕನ ಮುಖ ಕೆಂಪಾಗಲಿಲ್ಲ, ಬಿಳಿಚಿತು.

"ಏನಂದೆ? ಇಪ್ಪತ್ತೆರಡು ವರ್ಷ ಮಡಿಲಲ್ಲಿಟ್ಕೊಂಡು ಸಾಕಿದ್ದನ್ನ ನಾನೇ ಕೆಡಿಸಿದ್ನಾ? ಲೋ, ಅವೇ ಕಣೋ ಇವು! ತಣ್ಣಗಿದ್ರೆ ಕಪ್ಪು, ಕಾದ್ರೆ ಬಿಳುಪು. ಬೆಚ್ಚಗಿರೋ ಕಡೆ ಬಣ್ಣ ಬರಲ್ಲ. ಅದಕ್ಕೇ ಮೂಗು, ಕಿವಿ, ಕಾಲಿನ ತುದಿ ಮಾತ್ರ ಕಪ್ಪು, ಮೈ ಬಿಳಿ. ಅವು ತಾನೇ ತಣ್ಣಗಿರೋ ಜಾಗ? ಕಲ್ಲಿನ ಕೋಣೇಲಿ ಯಾಕೆ ಇಟ್ಟಿದ್ದೆ ಅಂದ್ಕೊಂಡೆ, ನನ್ನ ಅಪ್ಪನ ಮನೆ ಅಂತಾನಾ?"

ಇಷ್ಟು ಉದ್ದದ ಮಾತನ್ನು ಅವಳು ಯಾರಿಗೂ ಹೇಳಿದ್ದಿಲ್ಲ. ಅವನಿಗದು ಕಟ್ಟುಕಥೆಯಂತೆ ಕೇಳಿಸಿತು. "ಸಾಬೀತು ಮಾಡಿ" ಎಂದ.

"ಮಾಡ್ತೀನಿ. ಬೆನ್ನು ಬೋಳಿಸಿ ಮಂಜುಗಡ್ಡೆ ಇಟ್ರೆ ಬೆನ್ನೂ ಕಪ್ಪಾಗುತ್ತೆ. ನಮ್ಮನೇಲಿ ಒಂದು ಮುದಿ ಹೆಣ್ಣಿದೆ, ಇದೇ ವಂಶದ್ದು. ಅದರ ಮೇಲೇ ತೋರಿಸ್ತೀನಿ."

"ನಿಮ್ಮನೆ ಮೊಲ ನನಗೆ ಸಾಬೀತಲ್ಲ. ನನ್ನ ವಹಿಯಲ್ಲಿರೋ ಹಚ್ಚೆಯ ಮೊಲ ಆಗ್ಬೇಕು. ಆ ಗಂಡನ್ನೇ ತಗೊಂಡು ಹೋಗಿ. ಐದು ವಾರ."

ಬೆನ್ನ ಮೇಲೆ ಮಚ್ಚೆ ಬಂದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. "ಪರೀಕ್ಷಕರು ಬಂದ್ರೆ?"

"ಅವರು ಬರೋದಕ್ಕೆ ಇನ್ನೂ ಎರಡೂವರೆ ತಿಂಗಳಿದೆ."

ಕೇಂದ್ರದಿಂದ ಒಂದು ಹುಲ್ಲುಕಡ್ಡಿ ಹೊರಹೋದರೂ ಚೀಟಿ ಬರೆಯುವ ದಾಖಲೆಗಾರ ಅಂದು ಚೀಟಿ ಬರೆಯಲಿಲ್ಲ. ಬರೆದರೆ ಕಾರಣ ಬರೆಯಬೇಕು; ಕಾರಣ ಬರೆದರೆ ತನ್ನ ವರದಿಯ ಮೇಲೆ ತನಗೇ ಅನುಮಾನವಿದೆ ಎಂದು ಬರೆದಂತೆ. "ತಗೊಂಡು ಹೋಗಿ" ಎಂದು ಬಾಯಲ್ಲಿ ಹೇಳಿ ಗೇಟಿನವನಿಗೆ ಕೈಸನ್ನೆ ಮಾಡಿದ.

ಅವಳ ತಮ್ಮನ ಕ್ಷೌರದಂಗಡಿ ಮಂಜುಗಡ್ಡೆ ಕಾರ್ಖಾನೆಗೆ ಆತುಕೊಂಡಿತ್ತು. ಹಿಂದಿನ ಕೋಣೆಯ ಒಂದು ಗೋಡೆ ಕಾರ್ಖಾನೆಯದೇ. ಬೇಸಿಗೆಯಲ್ಲೂ ಅದು ಬೆವರುತ್ತಿತ್ತು. ಗೂಡನ್ನು ಆ ಗೋಡೆಗೆ ಒತ್ತಿ ಇಟ್ಟರು. ತಮ್ಮ ಯಂತ್ರ ಹಿಡಿದು ಗಂಡು ಮೊಲದ ಬೆನ್ನಿನ ಮೇಲೆ ಅಂಗೈಯಗಲ ಜಾಗ ಬೋಳಿಸಿದ. "ಮೂವತ್ತು ವರ್ಷದಲ್ಲಿ ತಲೆ ಅಲ್ಲಾಡಿಸದ ಗಿರಾಕಿ ಇವನೊಬ್ಬನೇ, ಅಕ್ಕ. ರಾಜಕೀಯಾನೂ ಮಾತಾಡ್ಲಿಲ್ಲ" ಎಂದ. ಅವಳು ನಗಲಿಲ್ಲ. ದಿನವೂ ಕೆಲಸ ಮುಗಿಸಿ ಬಂದವಳು ಬಟ್ಟೆಯಲ್ಲಿ ಮಂಜಿನ ಚೂರು ಸುತ್ತಿ, ಮೊಲವನ್ನು ತೊಡೆಯ ಮೇಲಿಟ್ಟುಕೊಂಡು, ಬೋಳು ಜಾಗಕ್ಕೆ ಹಿಡಿದು ಕೂರುತ್ತಿದ್ದಳು. ಸ್ವಲ್ಪ ಹೊತ್ತು ಹಿಡಿದು, ಸ್ವಲ್ಪ ಹೊತ್ತು ಬಿಟ್ಟು, ಚರ್ಮ ಮರಗಟ್ಟದ ಹಾಗೆ ಬೆರಳಿಂದ ಮುಟ್ಟಿ ನೋಡಿ. ಹಗಲಲ್ಲಿ ಆ ಕೆಲಸ ತಮ್ಮನ ಹೆಂಡತಿಯದು. ಚೇಳಕ್ಕನ ಬೆರಳುಗಳು ಊದಿಕೊಂಡವು, ಮೊಲದ ಚರ್ಮಕ್ಕೆ ಏನೂ ಆಗಲಿಲ್ಲ.

ದಾಖಲೆಗಾರ ಪ್ರತಿ ಶನಿವಾರ ಹಚ್ಚೆ ನೋಡಲು ಹೋಗುತ್ತಿದ್ದ. ಅವಳು ಅವನನ್ನು ಒಳಗೆ ಕರೆಯುತ್ತಿರಲಿಲ್ಲ. ಮುಂದಿನ ಅಂಗಡಿಯಲ್ಲಿ ಗಿರಾಕಿಗಳ ಬೆಂಚಿನ ಮೇಲೆ ಕೂರಿಸುತ್ತಿದ್ದಳು. ಅಕ್ಕಪಕ್ಕದಲ್ಲಿ ಕೂತವರಿಗೆಲ್ಲ ವಿಷಯ ಗೊತ್ತು.

"ಇವ್ರೇನಾ ಮೊಲಕ್ಕೆ ಬೇರೆ ಹಚ್ಚೆ ಹಾಕಿದ್ದಾರೆ ಅಂದೋರು?" ಎಂದು ಮುಖಕ್ಕೆ ನೊರೆ ಹಚ್ಚಿಸಿಕೊಂಡವನೊಬ್ಬ ಕನ್ನಡಿಯಲ್ಲೇ ಕೇಳಿದ.

"ಅವ್ರೇ" ಎಂದಳು ಚೇಳಕ್ಕ, ಮೊಲವನ್ನು ಹೊರತರುತ್ತ. "ಓದಿದೋರು. ನೀರು ಕೇಳಿದ್ರೆ ಕೊಡ್ಬೇಡಿ, ನೀರು ಅಂತ ಸಾಬೀತು ಮಾಡು ಅಂತಾರೆ."

ಅವನು ಕಿವಿ ಬಿಡಿಸಿ ಹಚ್ಚೆ ಓದಿದ. ಹದಿನಾಲ್ಕು. ಹಸಿರು ಶಾಯಿ ಹಳೆಯದು, ಮಾಸಿದ್ದು. ಹೊಸದಾಗಿ ಚುಚ್ಚಿದ ಗುರುತಿಲ್ಲ. ಇದನ್ನು ವರದಿ ಬರೆಯುವ ಮುಂಚೆಯೇ ನೋಡಬಹುದಾಗಿತ್ತಲ್ಲ ಎಂದು ಮೊದಲ ಶನಿವಾರವೇ ಅವನಿಗೆ ಅನ್ನಿಸಿತು. ಅದನ್ನು ಯಾರಿಗೂ ಹೇಳಲಿಲ್ಲ. ಮೂರನೆಯ ವಾರ ಬೋಳು ಜಾಗದಲ್ಲಿ ಎಳೆಯ ಕೂದಲು ಕಾಣಿಸಿತು. ನಾಲ್ಕನೆಯ ವಾರ ಸಂಶಯವೇ ಉಳಿಯಲಿಲ್ಲ: ಬಿಳಿ ಬೆನ್ನಿನ ನಡುವೆ ಇದ್ದಿಲಿನಲ್ಲಿ ಒತ್ತಿದ ಅಂಗೈಯಂಥ ಕಪ್ಪು.

"ಅಕ್ಕ..." ಎಂದ ಅವನು.

"ಅಕ್ಕ ಗಿಕ್ಕ ಅನ್ಬೇಡ. ಮೂರು ಹೆಣ್ಣು ವಾಪಸ್ ಬರ್ತವಾ?"

ಅವನು ಎದ್ದು ಬಂದ. ಸೋಮವಾರ ಮೊಲವನ್ನು ಮತ್ತೆ ಗೂಡಿಗೆ ತರಬೇಕು, ವ್ಯವಸ್ಥಾಪಕರಿಗೆ ತಪ್ಪೊಪ್ಪಿಗೆಯ ಟಿಪ್ಪಣಿ ಕೊಡಬೇಕು, ಮುಂದಿನ ತುಪ್ಪಳ ಬರುವ ತನಕ ಮೊಲಗಳನ್ನು ಕಲ್ಲಿನ ಉಗ್ರಾಣದಲ್ಲಿಡಬೇಕು ಎಂದು ಯೋಚಿಸಿದ. ಭಾನುವಾರ ಕೂತು ಟಿಪ್ಪಣಿಯನ್ನು ನಾಲ್ಕು ಸಲ ಬರೆದು ನಾಲ್ಕು ಸಲ ಹರಿದ.

ಸೋಮವಾರ ಹತ್ತು ಗಂಟೆಗೆ ಪರೀಕ್ಷಕರು ಬಂದಿಳಿದರು. ಬೇರೊಂದು ಕಡೆಯ ಕೆಲಸ ರದ್ದಾಗಿ, ಒಂದೂವರೆ ತಿಂಗಳು ಮುಂಚೆಯೇ.

ಒಣಕಲು ಮನುಷ್ಯ, ಮಾತಿಗಿಂತ ತಕ್ಕಡಿಯನ್ನು ನಂಬುವವರು. ಚಿಂಚಿಲ್ಲಾಗಳನ್ನು ಊದಿ ನೋಡಿದರು, ಫ್ಲೆಮಿಷ್ ಜೈಂಟಿನ ಪಾದ ತಿರುವಿ ನೋಡಿದರು, ಏನೂ ಹೇಳದೆ ಗುರುತು ಹಾಕಿಕೊಂಡರು. ತಗಡಿನ ಶೆಡ್ಡಿನಲ್ಲಿ ಚಹಾ ಬಣ್ಣದ ನಾಲ್ಕು ಮೂತಿಗಳ ಮುಂದೆ ನಿಂತರು. ಐದನೆಯ ಗೂಡಿನಲ್ಲಿ ಆಗಷ್ಟೇ ತಂದುಬಿಟ್ಟ ಗಂಡು. ಎತ್ತಿ ಬೆನ್ನು ನೋಡಿದವರೇ ಹುಬ್ಬೇರಿಸಿದರು.

"ಮೈಮೇಲೆ ಮಚ್ಚೆ. ಇದು ಹಿಮಾಲಯನ್ನಾ? ಯಾವ ಸಂತೆಯಿಂದ ತಂದ್ರಿ?"

ವ್ಯವಸ್ಥಾಪಕರು ಗೆಣ್ಣು ಮುರಿದರು. "ವರದಿ ಕಳಿಸಿದ್ದೀವಲ್ಲ ಸರ್, ಬೆರಕೆ ಆಗಿದೆ ಅಂತ. ಐದನ್ನೂ ತೆಗೆದುಬಿಡೋಣ. ಗೂಡುಗಳೂ ಖಾಲಿಯಾಗ್ತವೆ."

ಪರೀಕ್ಷಕರು ಕಡತದಿಂದ ವರದಿ ತೆಗೆದು ಓದಿದರು, ಎಲ್ಲರಿಗೂ ಕೇಳುವ ಹಾಗೆ. ಪಾಲಕಿಯ ಅಜಾಗರೂಕತೆ ಅಥವಾ ಅದಕ್ಕಿಂತ ಹೆಚ್ಚಿನದು. ತನ್ನ ಅಕ್ಷರಗಳನ್ನು ಬೇರೆಯವರ ಬಾಯಲ್ಲಿ ಕೇಳುವುದು ಎಂಥದ್ದೆಂದು ದಾಖಲೆಗಾರನಿಗೆ ಆಗ ತಿಳಿಯಿತು.

"ಇದು ಮಂಜುಗಡ್ಡೆ ಇಟ್ಟಿದ್ದರಿಂದ ಬಂದ ಕಪ್ಪು" ಎಂದಳು ಚೇಳಕ್ಕ. "ನಮ್ಮನೇಲಿ ನಾಲ್ಕು ವಾರ ಇಟ್ಕೊಂಡು ಬರಿಸಿದ್ದು."

"ಮನೇಲಿ? ಸರ್ಕಾರಿ ಮೊಲಾನ ಯಾರ ಅಪ್ಪಣೆ ಮೇಲೆ ಮನೆಗೆ ಒಯ್ದಿರಿ? ಚೀಟಿ ಎಲ್ಲಿ?"

"ಚೀಟಿ?" ಚೇಳಕ್ಕ ದಾಖಲೆಗಾರನತ್ತ ತಿರುಗಿದಳು. ಅವಳ ಕಣ್ಣಲ್ಲಿ ಬೇಡಿಕೆ ಇರಲಿಲ್ಲ, ಬಲೆಗೆ ಬಿದ್ದವನನ್ನು ನೋಡುವ ನೋಟವಿತ್ತು. "ಹೇಳಪ್ಪ, ಪಟ್ಟಿ ಸಾಹೇಬ. ಮೊಲ ಹಿಕ್ಕೆ ಹಾಕಿದ್ರೂ ಬರೀತೀಯಲ್ಲ, ಇದನ್ನ ಎಲ್ಲಿ ಬರೆದಿದ್ದೀಯ?"

ತಗಡು ಟಕಟಕ ಕಾಯುತ್ತಿತ್ತು. ಸುಮ್ಮನಿದ್ದರೆ ಸಾಕು, ಅವಳು ಕಳ್ಳಿಯಾಗುತ್ತಾಳೆ, ಐದು ಮೊಲ ಗಾಡಿ ಹತ್ತುತ್ತವೆ, ಅವನ ವರದಿ ನಿಜವಾಗುತ್ತದೆ. ಅಪ್ಪನ ಬಾವಿಯ ಪಾಲು ಹೋದದ್ದೂ ಹೀಗೆಯೇ. ಪಂಚಾಯಿತಿಯಲ್ಲಿ ಮಾತು ಕೊಟ್ಟವನು ನೆಲ ನೋಡುತ್ತ ಕೂತಿದ್ದ, ಅಷ್ಟೇ, ಸುಳ್ಳನ್ನೇನೂ ಹೇಳಿರಲಿಲ್ಲ.

"ಎಲ್ಲೂ ಬರೆದಿಲ್ಲ" ಎಂದ ದಾಖಲೆಗಾರ. "ಒಯ್ಯಿ ಅಂತ ಹೇಳಿದ್ದು ನಾನು, ಬಾಯಲ್ಲಿ. ಇದೇ ಗಂಡು ಆಗ್ಬೇಕು ಅಂತ ಹಠ ಹಿಡಿದಿದ್ದೂ ನಾನೇ. ಅವರು ಬೇರೆ ಮೊಲದ ಮೇಲೆ ತೋರಿಸ್ತೀನಿ ಅಂದಿದ್ರು. ವರದಿ ತಪ್ಪು, ಸರ್. ಹಚ್ಚೆ ಹಳೇದೇ. ಬಣ್ಣ ಹೋಗಿದ್ದು ಈ ಶೆಡ್ಡಿನ ಸೆಖೆಗೆ. ಇಲ್ಲಿಗೆ ತರಿಸಿದ್ದು ನಾನು."

"ಏನ್ರೀ ಇದು?" ಎಂದರು ವ್ಯವಸ್ಥಾಪಕರು.

ಪರೀಕ್ಷಕರು ಗಂಡಿನ ಕಿವಿ ಬಿಡಿಸಿ ಬಹಳ ಹೊತ್ತು ನೋಡಿದರು. ಮಚ್ಚೆಯ ಕೂದಲನ್ನು ಬುಡದ ತನಕ ಬೇರ್ಪಡಿಸಿ ನೋಡಿದರು. "ಬರೆದದ್ದನ್ನ ಬರೆದವರೇ ಅಳಿಸ್ಬೇಕು. ಈಗಲೇ, ಇಲ್ಲೇ ಕೂತು ಬರ್ಕೊಡಿ" ಎಂದರು. "ಮೂರು ತಿಂಗಳು ತಂಪಲ್ಲಿಡಿ. ಹೊಸ ತುಪ್ಪಳದಲ್ಲಿ ಮೂತಿ ಕಪ್ಪಾಗಿ ಈ ಮಚ್ಚೆ ಹೋದ್ರೆ ವಂಶ ಉಳೀತು. ಇಲ್ಲಾಂದ್ರೆ ಇಲ್ಲ."

ಅವನು ಮೇವಿನ ಮೂಟೆಯ ಮೇಲೆ ಕೂತು ಬರೆದ. ಈ ಸಲ ಹರಿಯಲಿಲ್ಲ. ಆ ಕಾಗದದ ಫಲವಾಗಿ ಅವನಿಗೆ ಲಿಖಿತ ಎಚ್ಚರಿಕೆ ಬಂತು, ವರ್ಷದ ವೇತನ ಬಡ್ತಿ ನಿಂತುಹೋಯಿತು. ಚೇಳಕ್ಕ ಅದನ್ನು ಕೇಳಿ "ಪಟ್ಟಿ ಸಾಹೇಬನ ಹೆಸರೂ ಪಟ್ಟಿಗೆ ಬಿತ್ತು" ಎಂದಳಂತೆ. ಕರುಣೆಯ ಸುಳಿವೂ ಅದರಲ್ಲಿರಲಿಲ್ಲ.

ಐದೂ ಮೊಲಗಳು ಅಂದೇ ಕಲ್ಲಿನ ಉಗ್ರಾಣ ಸೇರಿದವು. ಬೀಗದ ಕೈಯನ್ನು ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೂರು ತಿಂಗಳು ದಾಖಲೆಗಾರನನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಅವನು ಹೊರಗೆ ನಿಂತು ಕೇಳುತ್ತಿದ್ದ, ಅವಳು ಒಳಗಿನಿಂದ ಬೈಗುಳದ ಜೊತೆ ತೂಕ ಹೇಳುತ್ತಿದ್ದಳು, ಅವನು ಬೈಗುಳ ಬಿಟ್ಟು ತೂಕ ಬರೆದುಕೊಳ್ಳುತ್ತಿದ್ದ. ಬಿಸಿಲು ಇಳಿದು ಬೆಳಗಿನ ಗಾಳಿ ಕೊರೆಯತೊಡಗಿದಾಗ ಮೊಲಗಳು ಮತ್ತೆ ತುಪ್ಪಳ ಉದುರಿಸಿದವು. ಪರೀಕ್ಷಕರು ಎರಡನೆಯ ಸಲ ಬಂದಾಗ ನಾಲ್ಕು ಹೆಣ್ಣುಗಳ ಮೂತಿ ಕಡುಕಪ್ಪು. ಗಂಡಿನ ಬೆನ್ನು ಚುಕ್ಕೆಯಿಲ್ಲದ ಬಿಳಿ. ಅವರು ಐದರ ಮುಂದೆಯೂ ಸರಿ ಗುರುತು ಹಾಕಿದರು.

ಅಂದು ದಾಖಲೆಗಾರ ಕೈಮುಗಿದು ಕ್ಷಮೆ ಕೇಳಿದ. ಅವಳು ಪೊರಕೆ ನಿಲ್ಲಿಸಲಿಲ್ಲ.

"ನೀನು ನಿಜ ಹೇಳ್ದೆ, ಐದು ಉಳೀತು. ಅದು ಸರಿ. ನೀನು ಕೇಳದೆ ಬರೆದೆ, ಮೂರು ಹೋಯ್ತು. ಅದೂ ಸರಿ. ಒಂದರಿಂದ ಇನ್ನೊಂದನ್ನ ಕಳೆಯೋ ಲೆಕ್ಕ ನಿಮ್ಮ ಕಾಲೇಜಲ್ಲಿ ಇರ್ಬೋದು. ನನ್ನ ಹತ್ರ ಇಲ್ಲ. ಸರಿ ಆ ಕಡೆ, ಕಸ ಕಾಲಿಗೆ ಬರುತ್ತೆ."

ಇದಾಗಿ ಆರು ವರ್ಷ. ಚೇಳಕ್ಕ ನಿವೃತ್ತಳಾಗಿದ್ದಾಳೆ, ಕೇಂದ್ರ ಅವಳನ್ನು ದಿನಗೂಲಿಯ ಮೇಲೆ ಉಳಿಸಿಕೊಂಡಿದೆ. ಬೆಳಿಗ್ಗೆ ಆರೂವರೆಗೆ ಬಂದು ಉಗ್ರಾಣದ ಬೀಗ ತೆಗೆಯುತ್ತಾಳೆ. ಈಗ ಅಲ್ಲಿ ಇಪ್ಪತ್ತಾರು ಕಪ್ಪುಮೂತಿಗಳಿವೆ. ಗೂಡು ತೊಳೆಯುತ್ತಾಳೆ, ಉಗುರು ಕತ್ತರಿಸುತ್ತಾಳೆ, ಮರಿಗಳಿಗೆ ಹಚ್ಚೆ ಹಾಕುತ್ತಾಳೆ, ಹನ್ನೊಂದಕ್ಕೆ ತೂಕ ಹೇಳಿ ಬಾಗಿಲು ಹಾಕಿಕೊಳ್ಳುತ್ತಾಳೆ. ದಾಖಲೆಗಾರನೊಡನೆ ತೂಕದ ಹೊರತು ಬೇರೆ ಮಾತಾಡುವುದಿಲ್ಲ.